ಲೀನಾಳ ಗುಲಾಬಿಯ ಬುಡದ ಗಂಟು

ಲೀನಾ, ನಿನ್ನ ಅಮ್ಮ ನೆಟ್ಟ ಗುಲಾಬಿ ಸತ್ತದ್ದು ನನ್ನಿಂದ. ಎಂಟು ವರ್ಷ ಇದನ್ನು ಬಚ್ಚಿಟ್ಟೆ.

ಉಡುಪಿಯಿಂದ ಇಲ್ಲಿಗೆ, ಇಂಗ್ಲೆಂಡಿಗೆ, ಒಂದೇ ಒಂದು ಸಲ ಬಂದಿದ್ದ ಅವರು ಪಿನ್ನರ್‌ನ ನಿಮ್ಮ ಹಿತ್ತಲಲ್ಲಿ ನೆಟ್ಟುಹೋದ ಗಿಡ. ಅವರು ತೀರಿಕೊಂಡ ಮೇಲೆ, ಬೇಸಿಗೆಯ ಭಾನುವಾರಗಳಲ್ಲಿ ಅದರ ಹೂವು ನಿನ್ನ ಜೊತೆ ಚರ್ಚಿಗೆ ಹೋಗುತ್ತಿತ್ತು. ಎಂಟು ವರ್ಷದ ಹಿಂದಿನ ಆ ಮಾರ್ಚಿನಲ್ಲಿ ಒಣ ಕೊಂಬೆ ಕತ್ತರಿಸಿಕೊಡುತ್ತೇನೆಂದು ನಾನೇ ಬಂದೆ — ನಮ್ಮ ಮನೆಯ ರೋಗದ ಗುಲಾಬಿಯನ್ನು ಕಡಿದ ಅದೇ ಕತ್ತರಿ ಹಿಡಿದು. ಲ್ಯಾಬಿನಲ್ಲಿ ಪ್ರತಿ ಸಲವೂ ಚಿಮಟವನ್ನು ಬೆಂಕಿಗೆ ಹಿಡಿದು ಶುದ್ಧ ಮಾಡುವವಳು, ಅವತ್ತು ಕತ್ತರಿಯನ್ನು ಬಟ್ಟೆಗೆ ಒರೆಸಿಕೊಂಡೆ, ಅಷ್ಟೇ.

ಬೇಸಿಗೆಗೆ ಬುಡದಲ್ಲಿ, ಕತ್ತರಿಸಿದ ಜಾಗದಲ್ಲೇ, ಗಂಟು ಎದ್ದಿತು. ನೋಡಿದ ತಕ್ಷಣ ಗೊತ್ತಾಯಿತು. ಇಂಥ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾದ ಮೇಲೆಯೇ ನನ್ನ ಲ್ಯಾಬಿನ ಕೆಲಸ. ಮಣ್ಣಿನಲ್ಲಿರುತ್ತದೆ, ಗಿಡದ ಗಾಯದಿಂದ ಒಸರುವ ರಸದ ಸುಳಿವು ಹಿಡಿದು ಬರುತ್ತದೆ, ತನ್ನ ಜೀನುಗಳ ಒಂದು ತುಂಡನ್ನು ಗಿಡದ ಜೀವಕೋಶದೊಳಕ್ಕೆ ದಾಟಿಸುತ್ತದೆ. ಗಿಡವೋ, ಅದನ್ನು ತನ್ನದೆಂದೇ ಓದಿಕೊಂಡು ಗಂಟು ಬೆಳೆಸುತ್ತದೆ, ಬಂದವನಿಗೆ ಬೇಕಾದ ಊಟವನ್ನೂ ತಾನೇ ಅಡುಗೆ ಮಾಡಿ ಬಡಿಸುತ್ತದೆ! ಕಣ್ಣಿಗೆ ಕಾಣದ ಜೀವಿಗೆ ಇಷ್ಟು ವಿದ್ಯೆ ಯಾರು ಕಲಿಸಿದರೋ. ನಾವು ಲ್ಯಾಬಿನಲ್ಲಿ ಗಂಟು ಕಟ್ಟುವ ಜೀನುಗಳನ್ನು ತೆಗೆದು, ನಮಗೆ ಬೇಕಾದ ಜೀನನ್ನು ಅದರ ತಲೆಯ ಮೇಲೆ ಹೊರಿಸಿ ಗಿಡಕ್ಕೆ ಕಳಿಸುತ್ತೇವೆ. ಇಷ್ಟು ವರ್ಷವಾದರೂ ನನಗೆ ಮೊದಲ ದಿನದ ಬೆರಗು ಇಳಿದಿಲ್ಲ.

ಆ ಬೆರಗೇ — ಹೇಗೆ ಹೇಳಲಿ. ಆಗಲೇ ಬಾಯಿಬಿಟ್ಟಿದ್ದರೆ ಗಂಟು ಕತ್ತರಿಸಿ ನೋಡಬಹುದಿತ್ತು. ಗಿಡ ಉಳಿಯುತ್ತಿತ್ತೋ ಇಲ್ಲವೋ — ಆದರೆ ನನಗೆ ಆ ಗಂಟು ತನ್ನ ಪಾಡಿಗೆ ಬೆಳೆಯುವುದನ್ನು ನೋಡಬೇಕಿತ್ತು. ಟೀ ಕುಡಿಯುವ ನೆಪದಲ್ಲಿ ವಾರವಾರ ಬಂದು ನೋಡಿದೆ.

ಮರುವರ್ಷ ಗಿಡ ಪೂರ್ತಿ ಒಣಗಿದಾಗ ನೀನು ಕೇಳಿದೆ: "ನೀರು ಜಾಸ್ತಿ ಹಾಕಿ ನಾನೇ ಕೊಂದದ್ದಾ ಅಕ್ಕ?"

"ಇರಬಹುದು ಕಣೇ," ಅಂದೆ.

ಅಂದಿನಿಂದ ನೀನು ಒಂದು ಗಿಡವನ್ನೂ ನೆಟ್ಟಿಲ್ಲ. ಯಾರಾದರೂ ಸಸಿ ತಂದುಕೊಟ್ಟರೆ "ನನ್ನ ಕೈಗುಣ ಸರಿ ಇಲ್ಲ ಮಾರಾಯ್ರೆ" ಎಂದು ತಿರುಗಿ ಕೊಡುತ್ತೀ. ಕಳೆದ ವಾರ ನಿನ್ನ ಮಗಳು ಎಲ್ಲರೆದುರು "ಮಮ್ ಕಿಲ್ಸ್ ಎವ್ರಿಥಿಂಗ್" ಅಂದಳು — ಅಮ್ಮನ ಕೈ ತಾಗಿದ್ದೆಲ್ಲ ಸಾಯುತ್ತದಂತೆ. ನೀನು ನಕ್ಕೆ. ನಾನೂ — ನಾನೂ ನಕ್ಕೆ. ಮನೆಗೆ ಬಂದ ಮೇಲೆ ಈ ಪತ್ರ ಬರೆಯಲು ಕೂತೆ.

ಶನಿವಾರ ಬರುತ್ತೇನೆ. ಮಗಳನ್ನೂ ಕೂರಿಸಿಕೊಂಡಿರು, ಅವಳಿಗೂ ಇದನ್ನು ನಾನೇ ಹೇಳುತ್ತೇನೆ. ಎಲ್ಲ ಕೇಳಿದ ಮೇಲೆ ನನ್ನನ್ನು ಎಬ್ಬಿಸಿ ಕಳಿಸಿದರೂ ಸರಿಯೇ. ಅವಳು ಮಾತ್ರ ಆ ಮಾತನ್ನು ಇನ್ನೊಮ್ಮೆ ಆಡಬಾರದು.