ಎಲ್ಲರ ಹಿಂದೆ ನಡೆಯುವ ಜಡೆಮಾದಮ್ಮ

ಕಾವೇರಿಯ ಮೇಲೆ ಇನ್ನೂ ಹೊಗೆಯಂಥ ಮಂಜು ಕೂತಿದೆ. ಆ ದಡದಿಂದ ಈ ದಡಕ್ಕೆ ಬಿಗಿದ ಹಗ್ಗ ಹಿಡಿದು ಜನ ಹೊಳೆ ದಾಟುತ್ತಿದ್ದಾರೆ. ತಲೆಯ ಮೇಲೆ ಗಂಟು, ಸೊಂಟಕ್ಕೆ ಎತ್ತಿ ಸಿಕ್ಕಿಸಿದ ಪಂಚೆ, ಸೀರೆ. ಮೊಣಕಾಲಿಗೆ ತಣ್ಣೀರು ಸೋಕಿದ್ದೇ ತಡ, 'ಉಘೇ ಮಾದಪ್ಪ' ಎಂದು ಒಬ್ಬರು ಕೂಗುತ್ತಾರೆ. ಹಗ್ಗದುದ್ದಕ್ಕೂ ಆ ಕೂಗು ಸಾಗುತ್ತದೆ. ಈಚೆ ದಡದ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತ ಹೆಂಗಸೊಬ್ಬರು ವೀಳ್ಯದೆಲೆಗೆ ಸುಣ್ಣ ಸವರುತ್ತ, ನೀರಿನಿಂದ ಮೇಲೆ ಬಂದವರ ಕಾಲುಗಳನ್ನೇ ನೋಡುತ್ತಿದ್ದಾರೆ.

"ಮೊಕದಲ್ಲಿ ಏನದೆ? ಎಲ್ರೂ ನಗ್ತಾನೇ ಬತ್ತಾರೆ. ಕಾಲು ಸುಳ್ಳೇಳಾಕಿಲ್ಲ ಕನ ಪೇಪರಪ್ಪ."

ಪೇಪರಪ್ಪ ಅಂದರೆ ನಾನು. ಹಿಂದಿನ ಸಂಜೆ ಪರಿಚಯ ಹೇಳಿಕೊಂಡಾಗ ನನ್ನ ಹೆಸರನ್ನು ಒಂದು ಸಲ ಕೇಳಿ, ಅದು ತಮಗೆ ಬೇಡವೆಂದು ಪಕ್ಕಕ್ಕಿಟ್ಟು, ಜಡೆಮಾದಮ್ಮ ಈ ಹೆಸರಿಟ್ಟರು.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಕನಕಪುರ, ರಾಮನಗರ, ಮಳವಳ್ಳಿ ಕಡೆಯಿಂದ ದಿನಗಟ್ಟಲೆ ಸವೆಸಿ ಈ ಹೊಳೆಗೆ ಬರುತ್ತಾರೆ. ಹೊಳೆ ದಾಟಿದರೆ ಕಾಡು. ಕಾಡಿನಾಚೆಯ ಊರು ಸೇರಲು ಒಂದು ಹಗಲು ಬೇಕು. ಅಲ್ಲಿಂದ ಹನೂರು, ಕೌದಳ್ಳಿ, ತಾಳಬೆಟ್ಟ, ಕೊನೆಗೆ ಬೆಟ್ಟದ ಮೆಟ್ಟಿಲು. ಈ ಸಾಲಿನ ಮುಂದೆ ಕಂಸಾಳೆಯವರು ಇರುತ್ತಾರೆ, ತಂಡದ ಬಾವುಟ ಇರುತ್ತದೆ, ಫೋಟೋ ತೆಗೆಯುವವರು ಇರುತ್ತಾರೆ. ಸಾಲಿನ ಬಾಲದಲ್ಲಿ, ಕೊಟ್ಟಕೊನೆಯ ಯಾತ್ರಿಯ ಹತ್ತು ಮಾರು ಹಿಂದೆ, ಜಡೆಮಾದಮ್ಮ ಇರುತ್ತಾರೆ. ಕಾಡಿನೊಳಗೆ ಯಾರೂ ಉಳಿಯದಂತೆ ನೋಡಿಕೊಳ್ಳುವುದು ಅವರ ಕೆಲಸ. ನಡೆಯುವವರ ಬಾಯಲ್ಲಿ ಅವರು 'ಕಡೇ ಅಕ್ಕ'.

ಕಾಡಂಚಿನ ಸೋಲಿಗರ ಹಾಡಿ, ಅವರ ಮಾತಿನಲ್ಲಿ ಪೋಡು, ಅಲ್ಲಿ ಅವರ ಮನೆ. ಮಿಕ್ಕ ದಿನಗಳಲ್ಲಿ ಪೊರಕೆಹುಲ್ಲು ಕೊಯ್ಯುತ್ತಾರೆ, ನೆಲ್ಲಿಕಾಯಿ ಆಯುತ್ತಾರೆ, ರಾಗಿ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಶಿವರಾತ್ರಿಯ ಹಿಂದುಮುಂದಿನ ವಾರ ಮಾತ್ರ ಅರಣ್ಯ ಇಲಾಖೆಯ ದಿನಗೂಲಿಯ ಕಾವಲು. ಖಾಕಿ ಅಂಗಿ ಕೊಟ್ಟಿದ್ದಾರೆ. ಅದನ್ನು ಸೀರೆಯ ಮೇಲೆ ಹಾಕಿಕೊಂಡು ಗುಂಡಿ ಹಾಕದೆ ಬಿಟ್ಟಿರುತ್ತಾರೆ. ಕೈಯಲ್ಲಿ ಬಿದಿರು ಕೋಲು, ಹೆಗಲಲ್ಲಿ ನೀರಿನ ಕ್ಯಾನು, ಮಡಿಲಲ್ಲಿ ಬೆಲ್ಲ, ಹುರಿಗಡಲೆ, ಹರಿದ ಹಳೇ ಸೀರೆಯ ಪಟ್ಟಿಗಳು. ಪಟ್ಟಿ ಗುಳ್ಳೆಯೆದ್ದ ಪಾದಕ್ಕೆ, ಬೆಲ್ಲ ತಲೆ ಸುತ್ತಿದವರಿಗೆ.

ಗಂಡ ಕೇತಯ್ಯ ಬೆಳಿಗ್ಗೆ ಬುತ್ತಿ ತಂದುಕೊಟ್ಟರು. ಮುದ್ದೆ ಬೇಯಿಸಿ, ಹುರುಳಿ ಸಾರು ಮಾಡಿ, ಹೆಂಡತಿಯ ಜೊತೆ ನನಗೂ ಒಂದು ಪಾಲು ಕಟ್ಟಿದ್ದರು. "ಇವ್ಳು ಮದ್ವೆ ದಿಸವೂ ಹಿಂಗೇ ಕನಪ್ಪ. ದಿಬ್ಬಣವೆಲ್ಲಾ ಬಂದ್ಬುಡ್ತು, ಹೆಣ್ಣೇ ಇಲ್ಲ. ನೋಡುದ್ರೆ ಅಷ್ಟ್ ದೂರದಲ್ಲಿ ಕುಂಟ್ತಿದ್ದ ಅಜ್ಜೀನ ಕೈ ಹಿಡ್ಕಂಡು ಬತ್ತಾವ್ಳೆ," ಎಂದರು.

"ಆ ಅಜ್ಜಿ ನಿಮ್ಮವ್ವನೇ ಕನ. ಬುಟ್ಟು ಬಂದಿದ್ರೆ ನೀನು ಇವತ್ತೂ ಆಡ್ಕತಿದ್ದೆ," ಎಂದು ಜಡೆಮಾದಮ್ಮ ಬುತ್ತಿ ಇಸಿದುಕೊಂಡರು.

ಈ ಕೆಲಸ ಶುರುವಾಗಿ ಇಪ್ಪತ್ತು ವರ್ಷದ ಮೇಲಾಗಿದೆ. ಆಗ ಅಂಗಿಯೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಒಂದು ಮಧ್ಯಾಹ್ನ ಹುಲ್ಲಿಗೆ ಹೋದವರಿಗೆ ಹಳ್ಳದ ಬದಿಯ ಮರದ ಕೆಳಗೆ ಮಳವಳ್ಳಿ ಕಡೆಯ ಹೆಂಗಸೊಬ್ಬರು ಸಿಕ್ಕರು. ದಣಿದು ಮರಕ್ಕೆ ಒರಗಿದವರಿಗೆ ಕಣ್ಣು ಹತ್ತಿದೆ. ಎದ್ದಾಗ ಸುತ್ತಮುತ್ತ ಯಾರೂ ಇಲ್ಲ. ಕೂಗಿದರೆ ಪ್ರಾಣಿಗಳು ಬಂದಾವೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರಂತೆ.

"ನನ್ ನೋಡಿ ಇನ್ನೂ ಎದರ್ಕಂಡ್ರು. ಕೂದ್ಲು ಕೆದ್ರಿತ್ತಲ್ಲ, ದೆವ್ವ ಅನ್ಕಂಡ್ರೇನೋ. 'ಅವ್ವಾ, ನಾನೂ ಮನ್ಸಳೇ ಕನ' ಅಂದೆ. ಆವಾಗ ಸೆರಗು ತೆಗುದ್ರು. ಊರ್ಗಂಟ ನನ್ ಕೈ ಬುಡ್ಲಿಲ್ಲ. ಬಳೆ ಒಡ್ದು ರಕ್ತ ಬಂದುದ್ದೂ ಅವರ್ಗೆ ಗೊತ್ತಾಗ್ನಿಲ್ಲ."

ಮರುದಿನ ಹುಲ್ಲಿಗೆ ಹೋಗದೆ ಸಾಲಿನ ಹಿಂದೆ ನಡೆದರು. ಅದರ ಮರುದಿನವೂ ಹೋದರು. ನಾಲ್ಕಾರು ವರ್ಷ ಕಳೆದ ಮೇಲೆ ಯಾರೋ ಅಧಿಕಾರಿ ಕಂಡು ಕೂಲಿಗೆ ಸೇರಿಸಿದರು.

ಬಿಸಿಲೇರುವ ಹೊತ್ತಿಗೆ ಹೊಳೆ ಖಾಲಿಯಾಗುತ್ತದೆ. ಅತ್ತ ಕಡೆಯಿಂದ ಹಗ್ಗದವರು ಕೈಬೀಸಿ ಇನ್ನಾರೂ ಇಲ್ಲವೆಂದು ಹೇಳಿದ ಮೇಲೆ ಜಡೆಮಾದಮ್ಮ ಎದ್ದು, ಬಾಯಿ ಮುಕ್ಕಳಿಸಿ, ನಡೆಯಲು ಶುರುಮಾಡುತ್ತಾರೆ. ನಾನು ಅವರ ಪಕ್ಕದಲ್ಲಿ. ಹೊಳೆಮತ್ತಿ ಮರಗಳ ನೆರಳು ಮುಗಿದು ಒಣಗಿದ ಬಿದಿರು ಮೆಳೆಗಳು ಸಿಗುತ್ತವೆ. ಕಾಲಿಟ್ಟಲ್ಲೆಲ್ಲ ಎಲೆ ಮುರಿಯುವ ಸದ್ದು. ಅವರು ದಾರಿಯಲ್ಲಿ ಮಾತ್ರ ನಡೆಯುವುದಿಲ್ಲ. ಆಗಾಗ ಎಡಕ್ಕೆ ಬಲಕ್ಕೆ ಇಳಿದು, ನೆರಳಿರುವ ಕಡೆಯಲ್ಲೆಲ್ಲ ಇಣುಕಿ ಬರುತ್ತಾರೆ. ಇಬ್ಬರು ಹುಡುಗಿಯರು ಸಿಕ್ಕರು, ಚಪ್ಪಲಿ ಕಿತ್ತುಹೋಗಿದೆ. ಪಟ್ಟಿ ಕಟ್ಟಿ ಮುಂದೆ ಅಟ್ಟಿದರು. ಗೆಳೆಯರ ಜೊತೆ ಮುನಿಸಿಕೊಂಡು ಕೂತ ಗಂಡಸೊಬ್ಬ ಸಿಕ್ಕ. "ಮುನ್ಸು ಊರ್ಗೋಗ್ ಮಾಡು, ಇಲ್ಲಿ ಯಾರು ಸಮಾಧಾನ ಮಾಡಾರು?" ಎಂದರು. ಆತ ನಕ್ಕು ಎದ್ದ.

ಊಟದ ಹೊತ್ತು ಕಳೆದಿತ್ತು. ದಾರಿಯಿಂದ ಸ್ವಲ್ಪ ಒಳಗೆ, ಬಂಡೆಯೊಂದಕ್ಕೆ ಬೆನ್ನು ಕೊಟ್ಟು ದಪ್ಪನೆಯ ಗಂಡಸೊಬ್ಬರು ಕೂತಿದ್ದರು. ಬಲಗಾಲಿನ ಹಿಮ್ಮಡಿ ಸುಲಿದು ಕೆಂಪಾಗಿತ್ತು. ಕೊರಳಲ್ಲಿ ದಾರ ಕಟ್ಟಿದ ರಟ್ಟಿನ ತುಂಡು. ಅದರ ಮೇಲೆ 'ಮೌನ ಹರಕೆ, ಮಾತಾಡಿಸಬೇಡಿ' ಎಂದು ಬರೆದಿತ್ತು.

ನಾನು ಓದಿ ಹೇಳಿದೆ. ಜಡೆಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಂಗಾರೆ ನಾನೇ ಮಾತಾಡ್ತೀನಿ, ನೀನು ಕೇಳು. ಜೊತೇಲಿ ಬಂದೋರು ಮುಂದಕ್ಕೋದ್ರಾ?" ಆತ ತಲೆಯಾಡಿಸಿದರು. "ನಿಲ್ರೋ ಅನ್ನಕ್ಕೆ ಬಾಯಿಲ್ಲ, ಅದ್ಕೇ ಉಳ್ಕಂಡೆ." ಮತ್ತೆ ತಲೆಯಾಡಿಸಿದರು. "ಎದ್ದೇಳಪ್ಪ. ಬಿಸ್ಲು ಇಳುದ್ರೆ ಆನೆ ನೀರಿಗೆ ಬತ್ತವೆ. ಅವಕ್ಕೆ ಓದಕ್ಕೆ ಬರಾಕಿಲ್ಲ."

ಆತ ಕೈಮುಗಿದು, ಹೋಗಿ ಎಂಬಂತೆ ಸನ್ನೆ ಮಾಡಿದರು. ಜಡೆಮಾದಮ್ಮ ಎದುರಿಗೇ ಕಾಲು ಚಾಚಿ ಕೂತುಬಿಟ್ಟರು. ಆತನ ಪಾದವನ್ನು ತೊಡೆಯ ಮೇಲೆಳೆದುಕೊಂಡು ನೀರು ಹುಯ್ದು ಪಟ್ಟಿ ಸುತ್ತುತ್ತ, ಸುಮ್ಮನೆ ಮಾತಾಡುತ್ತಲೇ ಹೋದರು. ಪೋಡಿನ ಸುದ್ದಿ, ಈ ಸಲ ನೆಲ್ಲಿ ಕೈಕೊಟ್ಟಿದ್ದು, ಗಂಡನ ಸಾರಿಗೆ ಉಪ್ಪು ಸಾಲದ್ದು. "ನಾನು ಎಲ್ರಿಗಿಂತ ಹಿಂದೆ ಇರ್ಬೇಕು ಕನ. ನೀನು ಏಳದಿದ್ರೆ ನಾನೂ ಇಲ್ಲೇ. ಈ ಪೇಪರಪ್ಪನೂ ಇಲ್ಲೇ. ಪಾಪ, ಮದ್ವೆನೂ ಆಗಿಲ್ಲ," ಎಂದಾಗ ಆತನ ಹೊಟ್ಟೆ ನಗುವಿಗೆ ಕುಲುಕಿತು. ಸದ್ದು ಮಾತ್ರ ಬರಲಿಲ್ಲ. ಜಡೆಮಾದಮ್ಮನ ಕೋಲನ್ನು ಊರಿಕೊಂಡು ಆತ ಎದ್ದರು.

ಮೂವರೂ ನಿಧಾನಕ್ಕೆ ನಡೆದೆವು. ಹಳ್ಳದ ತಿರುವು ಹತ್ತಿರವಾದಾಗ ಜಡೆಮಾದಮ್ಮ ಕೈಯೆತ್ತಿ ನಮ್ಮನ್ನು ನಿಲ್ಲಿಸಿದರು. ಹಸಿ ಸೊಪ್ಪು ಅಗಿದ, ಲದ್ದಿಯ ಬೆಚ್ಚನೆಯ ವಾಸನೆ ಆಮೇಲೆ ನನ್ನ ಮೂಗಿಗೂ ಬಂತು. ಹುಣಸೆಮರದ ಹಿಂದೆ ನಿಲ್ಲುವಂತೆ ಸನ್ನೆ ಮಾಡಿ ಅವರೊಬ್ಬರೇ ದಡದ ತುದಿಗೆ ಹೋದರು. ಹಳ್ಳದಲ್ಲಿ ಆನೆಗಳು ನಿಂತಿದ್ದವು. ಹೆಣ್ಣಾನೆಗಳು, ನಡುವೆ ಒಂದು ಮರಿ. ಅವು ಮೇಲೆ ಹತ್ತುವತನಕ ಕಾಯಬೇಕು. ಜಡೆಮಾದಮ್ಮ ಅವುಗಳ ಮೇಲೆ ಕಣ್ಣಿಟ್ಟು ಅಲುಗದೆ ನಿಂತರು. ನಾನೂ ಮರಿಯನ್ನೇ ನೋಡುತ್ತಿದ್ದೆ.

"ಅಕ್ಕಾ, ಹಿಂದೆ."

ಆ ದನಿ ಎಷ್ಟು ಒಡೆದಿತ್ತೆಂದರೆ ಯಾರದೆಂದು ನನಗೆ ತಕ್ಷಣ ತಿಳಿಯಲಿಲ್ಲ. ಬಿದಿರು ಮೆಳೆಯಿಂದ ಒಂಟಿ ಸಲಗವೊಂದು ಹೊರಗೆ ಬಂದಿತ್ತು. ಜಡೆಮಾದಮ್ಮನ ಬೆನ್ನಿಗೂ ಅದಕ್ಕೂ ನಡುವೆ ಒಂದು ಅಂಗಳದಷ್ಟು ಜಾಗ. ಅವರು ತಿರುಗಿ ನೋಡುತ್ತ ನಿಲ್ಲಲಿಲ್ಲ. ಕೂತಂತೆ ಮಾಡಿ ದಡದಿಂದ ಜಾರಿ ಬಂಡೆಯ ಸಂದಿಗೆ ಇಳಿದುಬಿಟ್ಟರು. ಸಲಗ ಕಿವಿ ಅಗಲಿಸಿತು. ಎರಡು ಹೆಜ್ಜೆ ನಮ್ಮ ಕಡೆ ಇಟ್ಟು, ಮಣ್ಣು ಕೆದರಿ, ಏನೋ ಯೋಚಿಸುವ ಹಾಗೆ ನಿಂತಿತು. ನನ್ನ ಪಕ್ಕದಲ್ಲಿದ್ದವರು ನನ್ನ ತೋಳು ಹಿಡಿದಿದ್ದರು. ಕೊನೆಗೆ ಅದು ಮೈ ತಿರುಗಿಸಿ, ಬಂದ ಮೆಳೆಯೊಳಗೇ ಹೋಯಿತು. ಕೂಗಿಗೆ ಬೆದರಿದ ಹೆಣ್ಣಾನೆಗಳು ಮರಿಯನ್ನು ತಳ್ಳಿಕೊಂಡು ಆಚೆ ದಡ ಹತ್ತಿದವು.

ಜಡೆಮಾದಮ್ಮ ಮೇಲೆ ಬಂದಾಗ ಮೊಣಕೈ ತರಚಿತ್ತು. ಅದನ್ನು ಒರೆಸಿಕೊಳ್ಳದೆ, ಹುಣಸೆ ಬೇರಿನ ಮೇಲೆ ಕುಸಿದು ಕೂತಿದ್ದ ಆತನ ಹತ್ತಿರ ಹೋದರು. ಆತ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

ಹೆಸರು ಶಿವನಂಜ. ಕನಕಪುರದ ಕಡೆಯವರು, ಲಾರಿ ಓಡಿಸುತ್ತಾರೆ. ಮಗಳಿಗೆ ಐದು ತುಂಬಿದೆ, ಇನ್ನೂ ಮಾತು ಬಂದಿಲ್ಲ. ಮನೆಯ ಹೊಸಿಲು ದಾಟಿದಾಗಿನಿಂದ ಬೆಟ್ಟದ ಮೇಲೆ ಮಾದಪ್ಪನ ಮುಂದೆ ನಿಲ್ಲುವವರೆಗೆ ಒಂದು ಮಾತೂ ಆಡದೆ ನಡೆಯುತ್ತೇನೆ, ನನ್ನ ಮಾತು ತಗೊಂಡು ಅವಳಿಗೆ ಕೊಡು ಎಂದು ಹರಕೆ ಹೊತ್ತಿದ್ದರು.

"ಎಲ್ಲಾ ನಾನೇ ಹಾಳು ಮಾಡ್ಬುಟ್ಟೆ ಅಕ್ಕ. ಇಷ್ಟ್ ದಿಸ ತಡ್ಕಂಡಿದ್ದೆ. ನನ್ ಕೂಸಿನ್ ಮಾತ್ನ ನಾನೇ ನುಂಗ್ಬುಟ್ಟೆ."

ಜಡೆಮಾದಮ್ಮ ಕ್ಯಾನಿನ ಮುಚ್ಚಳದಲ್ಲಿ ನೀರು ಬಗ್ಗಿಸಿ ಕೊಟ್ಟರು, ಬೆಲ್ಲದ ಚೂರು ಕೊಟ್ಟರು. ಆಮೇಲೆ ಕೇಳಿದರು.

"ಮಾದಪ್ಪನ್ತವು ಏನ್ ಕೇಳಕ್ಕೆ ಹೊಂಟಿದ್ದೀಯೆ?"

"ಮಾತು."

"ಮಾತು ಕೊಡು ಅಂದ್ರೆ ಕೇಳಿಸ್ಕಳೋ ದೇವ್ರು, ನೀನು ಮಾತಾಡ್ಬುಟ್ಟೆ ಅಂತ ಮುನುಸ್ಕಂಡಾನಾ? ನಿನ್ ಮಾತು ನನ್ ಜೀವ ಕಾದದೆ. ಅದ್ನೂ ಅವನ್ಗೇ ಹೇಳು. ಲೆಕ್ಕ ಅವ್ನು ನೋಡ್ಕತಾನೆ."

ಶಿವನಂಜ ಆಕೆಯ ಮುಖ ನೋಡಿದರು. ನಂಬಿದರೆಂದು ಹೇಳಲಾರೆ. ಎದ್ದರು, ಅಷ್ಟೆ.

ಕಾಡು ಮುಗಿದು ಹುರುಳಿ ಹೊಲಗಳು ಕಂಡಾಗ ಇನ್ನೂ ಬೆಳಕಿತ್ತು. ಊರಿನವರು ಚಪ್ಪರ ಹಾಕಿ ಮಜ್ಜಿಗೆ ಕೊಡುತ್ತಿದ್ದರು. ಶಿವನಂಜನ ಭಾವಮೈದುನ ಓಡಿ ಬಂದು, ಕಾಲಿನ ಪಟ್ಟಿ ನೋಡಿ, ಜಡೆಮಾದಮ್ಮನಿಗೆ ಕೈಮುಗಿದ. "ನಮ್ ಹಿಂದೇನೇ ಬತ್ತಾವ್ರೆ ಅನ್ಕಂಡೋ ಕನಮ್ಮ," ಎಂದು ತಲೆ ತಗ್ಗಿಸಿದ.

"ಇನ್ ಮ್ಯಾಕೆ ಮಾತಾಡ್ಲಾ ಬುಡ್ಲಾ ಅಕ್ಕ?" ಎಂದು ಶಿವನಂಜ ಕೇಳಿದರು.

"ಮೊದ್ಲು ಮನೆಗೆ ಫೋನ್ ಮಾಡು. ಆ ಕೂಸು ನಿನ್ ದನಿ ಕೇಳಿ ಎಷ್ಟ್ ದಿಸ ಆಯ್ತು?"

ಭಾವಮೈದುನನ ಫೋನಿನಲ್ಲಿ ಹೆಂಡತಿ ಸಿಕ್ಕರು. ಆಕೆಗೆ ಗಾಬರಿಯಾಗಿರಬೇಕು, ಶಿವನಂಜ ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು ಎರಡು ಸಲ ಹೇಳಿದರು. ಆಮೇಲೆ ಮಗಳ ಕಿವಿಗೆ ಕೊಡಲು ಹೇಳಿ, ಚಪ್ಪರದ ಹಿಂದೆ ಹೋಗಿ, "ಕೂಸೇ, ನಾನು, ಅಪ್ಪ," ಎಂದರು. ಆ ಕಡೆಯಿಂದ ಮಾತು ಬರಲಿಲ್ಲವಂತೆ. ಕಾಲುಗೆಜ್ಜೆಯ ಸದ್ದು ಬಂತಂತೆ, ಆಮೇಲೆ ಒಂದು ನಗು. ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಅಲ್ಲೇ ನಿಂತರು. ಕೊರಳಿನ ರಟ್ಟನ್ನು ಬಿಚ್ಚಿದರು. ಬಿಸಾಡಲಿಲ್ಲ, ಮಡಿಸಿ ಚೀಲದಲ್ಲಿಟ್ಟುಕೊಂಡರು. ಹೊರಡುವಾಗ ಜಡೆಮಾದಮ್ಮನ ಕಾಲು ಮುಟ್ಟಲು ಬಗ್ಗಿದರೆ ಅವರು ಹಿಂದೆ ಸರಿದು, "ಹಿಮ್ಮಡಿ ಊರ್ಬ್ಯಾಡ, ಬೆರಳ್ ಮ್ಯಾಲೆ ನಡಿ," ಎಂದರು.

ಹೊಳೆಯ ಕಡೆ ವಾಪಸು ಕರೆದೊಯ್ಯುವ ಜೀಪು ಇನ್ನೂ ಬಂದಿರಲಿಲ್ಲ. ನಾಳೆ ಮುಂಜಾನೆ ಇನ್ನೊಂದು ಸಾಲು ನೀರಿಗಿಳಿಯುತ್ತದೆ. ಶಿವರಾತ್ರಿಯ ದಿನ ಜಡೆಮಾದಮ್ಮ ಬೆಟ್ಟದ ಮೇಲಿದ್ದದ್ದೇ ಇಲ್ಲವಂತೆ. ಹಬ್ಬ ಮುಗಿದು, ಜನ ಕರಗಿದ ಮೇಲೆ ಗಂಡ ಹೆಂಡತಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. "ಅವ್ನಿಗೂ ಆವಾಗ ಪುರುಸೊತ್ತು," ಎನ್ನುತ್ತಾರೆ.

ಮಜ್ಜಿಗೆಯ ಲೋಟ ಹಿಡಿದು ಕೂತಿದ್ದ ಜಡೆಮಾದಮ್ಮನನ್ನು ಕೇಳಿದೆ. ಪತ್ರಿಕೆಯಲ್ಲಿ ಬರುತ್ತೆ, ನಿಮಗೇನಾದರೂ ಬೇಕಿದ್ದರೆ ಹೇಳಿ ಎಂದೆ. ಕೂಲಿ ಖಾಯಂ, ಮನೆ, ಇಂಥ ಏನನ್ನೋ ನಿರೀಕ್ಷಿಸಿದ್ದೆ.

"ಹೊಳೆ ದಡದಲ್ಲಿ ಹೆಂಗಸ್ರಿಗೆ ಒಂದ್ ಮರೆ ಬೇಕು ಕನ," ಎಂದರು. "ಗಂಡಸ್ರು ಎಲ್ಲಂದ್ರಲ್ಲಿ ನಿಂತ್ಕತಾರೆ. ಇವರು ಪಾಪ, ಜನ ಎಲ್ಲಾ ಮುಂದಕ್ಕೋಗ್ಲಿ ಅಂತ ಕಾಯ್ತಾ ಕಾಯ್ತಾ ಹಿಂದಾಗೋಯ್ತಾರೆ. ಆಮೇಲೆ ಮೆಳೆ ಹುಡುಕ್ಕಂಡು ದೂರ ಓಯ್ತಾರೆ. ನಾಕು ಗಳ, ನಾಕು ತಡಿಕೆ ಸಾಕು. ನಮ್ಮೋರೇ ಕಟ್ಕೊಡ್ತಾರೆ. ಕಟ್ಟಕ್ಕೆ ಬುಟ್ರೆ ಸರಿ."

ಬರೆದುಕೊಂಡೆ. ಓದಿ ಹೇಳೆಂದರು. 'ದಡದಲ್ಲಿ ಹೆಂಗಸರಿಗೆ ಮರೆ ಬೇಕೆಂದು ಜಡೆಮಾದಮ್ಮ ಕೇಳುತ್ತಾರೆ' ಎಂದು ಓದಿದೆ. ಅವರು ತಲೆ ಅಡ್ಡಡ್ಡ ಆಡಿಸಿದರು.

"ನನ್ ಹೆಸ್ರು ಯಾಕೆ? ನಂಗೆ ಕಾಡೆಲ್ಲಾ ಮರೆನೇ. ನಡೆಯೋರು ಕೇಳ್ತಾವ್ರೆ ಅಂತ ಹಾಕು," ಎಂದು ಖಾಲಿ ಲೋಟ ನನ್ನ ಕೈಗಿಟ್ಟು, ಜೀಪಿನ ಸದ್ದು ಕೇಳಿ ಎದ್ದರು.