ಚಿಕ್ಕಪ್ಪನ ಉಡಿದಾರ

ಬೆಳಗ್ಗೆ ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಾಗ ಉಡಿದಾರ ಸೊಂಟಕ್ಕೆ ಕಚ್ಚಿತು. ಬೆರಳು ತೂರಿಸಲು ನೋಡಿದೆ, ತೂರಲಿಲ್ಲ. ನಿಮಗೂ ಹೀಗಾಗಿರಬಹುದು, ನೆಂದು ನೆಂದು ದಾರ ಕುಗ್ಗಿದೆ ಎಂದು ನೀವೂ ದಾರವನ್ನೇ ದೂರಿರಬಹುದು. ನಾನೂ ಗಟ್ಟಿಯಾಗಿಯೇ ದೂರಿ, ಕತ್ತರಿ ಎತ್ತಿಕೊಂಡೆ. ಆಮೇಲೆ ಮತ್ತಿಗಿರಿಯ ಚಿಕ್ಕಪ್ಪ ನೆನಪಾದರು.

ಎಂಬತ್ತರ ದಶಕದಲ್ಲಿ ಅವರಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಕೈಕಾಲು ಸಣ್ಣಗೇ ಉಳಿದವು, ಹೊಟ್ಟೆ ಮಾತ್ರ ಮುಂದೆ ಬಂತು. ನಮ್ಮ ಮನೆಯ ಗಂಡಸರು ಯುಗಾದಿಯ ಎಣ್ಣೆಸ್ನಾನವಾದ ಮೇಲೆ ಹೊಸ ಉಡಿದಾರ ಕಟ್ಟಿಕೊಳ್ಳುತ್ತಾರೆ. ಚಿಕ್ಕಮ್ಮ ಪ್ರತಿವರ್ಷ ದಾರವನ್ನು ಇನ್ನಷ್ಟು ಉದ್ದಕ್ಕೆ ಕತ್ತರಿಸಿ, "ಕ್ಯಾಂಟೀನ್ ಊಟ ಮೈಗತ್ತೈತೆ" ಎಂದು ಹಿಗ್ಗುತ್ತಿದ್ದರು. ಅವರಾದರೋ ತೊಡೆ, ಪೃಷ್ಠ ತುಂಬಿಕೊಂಡ ದಪ್ಪ ಹೆಂಗಸು.

ಒಂದು ಸಲ ಬೂಟು ಕಚ್ಚಿ ಚಿಕ್ಕಪ್ಪನ ಕಾಲ್ಬೆರಳು ಹುಣ್ಣಾಯಿತು. ಮಾಯಲಿಲ್ಲ, ಕಪ್ಪಾಗತೊಡಗಿತು. ಚಿಕ್ಕಪ್ಪ, ಚಿಕ್ಕಮ್ಮನ ಜೊತೆ ನಾನೂ ಹೊಸೂರಿನ ಡಾಕ್ಟರ ಬಳಿಗೆ ಹೋದೆ. ಹುಣ್ಣು ನೋಡಿದವರೇ ಅವರು, "ಸಕ್ಕರೆ ಕಾಯಿಲೆ ಇದೆಯಾ?" ಎಂದರು.

ಚಿಕ್ಕಪ್ಪ ನಕ್ಕರು. "ನನ್ಗೆಲ್ಲಿ ಬತ್ತದೆ ಸಾರ್? ಇದ್ರೆ ಇವಳ್ಗಿರ್ಬೇಕು. ಬಸ್ಸಲ್ಲಿ ಇವಳು ಕೂತ್ರೆ ನಾನ್ ನಿಂತ್ಕಂಡೇ ಬರ್ಬೇಕು."

"ಇಬ್ರುದೂ ನೋಡ್ಬುಡಿ ಸಾರ್," ಎಂದರು ಚಿಕ್ಕಮ್ಮ. "ಇವ್ರ ಬಾಯಾದ್ರೂ ಮುಚ್ಲಿ."

ಆಗ ನೀಲಿ ದ್ರಾವಣಕ್ಕೆ ಮೂತ್ರದ ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ಬಣ್ಣ ತಿರುಗಿದರೆ ಸಕ್ಕರೆ, ಕೆಂಪಿಗೆ ಹೋದಷ್ಟೂ ಹೆಚ್ಚು. ಚಿಕ್ಕಮ್ಮನ ಗಾಜಿನ ಕೊಳವೆ ಕುದಿದರೂ ನೀಲಿಯಾಗಿಯೇ ಉಳಿಯಿತು. ಚಿಕ್ಕಪ್ಪನದು ಹಸಿರಾಯಿತು, ಹಳದಿಯಾಯಿತು. ಅಲ್ಲಿಗೇ ನಿಲ್ಲಲಿ ಎಂದುಕೊಂಡೆ. ನಿಲ್ಲಲಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಅವಳು ನನ್ಗಿಂತ ದಪ್ಪ ಅಲ್ವಾ ಸಾರ್?" ಚಿಕ್ಕಪ್ಪನ ದನಿ ಇಳಿದಿತ್ತು.

"ಕೊಬ್ಬೆಲ್ಲ ಒಂದೇ ಥರ ಅಲ್ಲಪ್ಪ," ಎಂದರು ಡಾಕ್ಟರು. "ಅವರದು ತೊಡೆ, ಪೃಷ್ಠದಲ್ಲಿ, ಚರ್ಮದ ಕೆಳಗೆ ಸುಮ್ನೆ ಕೂತಿದೆ. ನಿಮ್ಮದು ಹೊಟ್ಟೆಯೊಳಗೆ, ಕರುಳಿನ ಸುತ್ತ. ಇನ್ಸುಲಿನ್ ಇದ್ರೂ ಮೈ ಅದರ ಮಾತು ಕೇಳದ ಹಾಗೆ ಮಾಡೋದು ಈ ಒಳಗಿನ ಕೊಬ್ಬು. ಸಕ್ಕರೆ ರಕ್ತದಲ್ಲೇ ಉಳೀತದೆ. ಹುಣ್ಣು ಮಾಯಲ್ಲ."

"ಕಾಲು ಉಳೀತದಾ ಸಾರ್?" ಚಿಕ್ಕಮ್ಮ ಕೇಳಿದರು.

"ಬೆರಳು ತೆಗೀಬೇಕು. ಕಾಲು ಉಳಿಸ್ಕೊಳ್ಳೋದು ಇವರ ಊಟ, ನಡಿಗೆ ಮೇಲಿದೆ."

ಬೆರಳು ಹೋಯಿತು. ಮಾತ್ರೆ ಬಂತು, ಕ್ಯಾಂಟೀನ್ ಅನ್ನ ನಿಂತಿತು. ಗಾಯ ಒಣಗುವವರೆಗೆ ಚಿಕ್ಕಮ್ಮ ದಿನವೂ ಕಾಲಿನ ಪಟ್ಟಿ ಬಿಚ್ಚಿ, ಗಾಯದ ಸುತ್ತಲಿನ ಚರ್ಮ ಕಪ್ಪಾಗಿದೆಯೇ ಎಂದು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮರುವರ್ಷದ ಯುಗಾದಿಗೆ ಹೊಸ ದಾರ ಹಿಡಿದು ಚಿಕ್ಕಪ್ಪನ ಸೊಂಟಕ್ಕೆ ಸುತ್ತಿದರು. "ಉಸಿರು ಬಿಗಿ ಹಿಡೀಬ್ಯಾಡಿ, ಸರ್ಯಾಗಿ ನಿಂತ್ಕಳಿ." ಹಿಂದಿನ ವರ್ಷದ ಅಳತೆಗೆ ತಂದ ದಾರ ಗಂಟು ಹಾಕಿದ ಮೇಲೂ ಗೇಣುದ್ದ ಉಳಿಯಿತು. ಚಿಕ್ಕಮ್ಮ ಅದನ್ನು ಕತ್ತರಿಸಿ ಸೆರಗಿಗೆ ಕಟ್ಟಿಕೊಂಡರು. ಕಾಲು ಉಳಿಯಿತು.

ಬಚ್ಚಲ ಹೊರಗಿನಿಂದ ನನ್ನ ಹೆಂಡತಿ ಕೂಗಿದಳು: "ಬಿಗಿಯಾದ್ರೆ ಕತ್ತರ್ಸಿ ಬಿಸಾಕ್ರಿ, ಉದ್ದದ್ದು ಕೊಡ್ತೀನಿ."

ಕನ್ನಡಿಯಲ್ಲಿ ನನ್ನ ಸಣ್ಣ ಕೈಕಾಲು, ಅವುಗಳ ನಡುವೆ ಹೊಟ್ಟೆ. ಕೈಗೆತ್ತಿಕೊಂಡಿದ್ದ ಕತ್ತರಿ ಕೆಳಗಿಟ್ಟೆ.

"ದಾರ ಇರ್ಲಿ," ಎಂದೆ. "ಕಾಫಿ ಇಡ್ಬ್ಯಾಡ. ಬರೀ ಹೊಟ್ಟೇಲಿ ಹೋಗಿ ಸಕ್ಕರೆ ನೋಡ್ಸೋಕೆ ರಕ್ತ ಕೊಟ್ಟು ಬತ್ತೀನಿ."