ಕಟ್ಟಬಾರದ ಟಗರು

ದೇವರ ಹೆಸರಿಗೆ ಬಿಟ್ಟ ಟಗರನ್ನು ನಮ್ಮಲ್ಲಿ ಕಟ್ಟುವುದಿಲ್ಲ. ಯಾರ ಬಾಗಿಲಿಗೆ ಬಂದರೂ ಅಟ್ಟುವ ಹಾಗಿಲ್ಲ, ಹೊಲಕ್ಕೆ ಬಾಯಿ ಹಾಕಿದರೂ ಹೊಡೆಯುವ ಹಾಗಿಲ್ಲ. ಏನಾದರೂ ತಿನ್ನಲು ಹಾಕಿ ಕೈಮುಗಿಯಬೇಕು. ನಾನು ಸೊಸೆಯಾಗಿ ಬಂದಾಗಿನಿಂದ ನೋಡಿದ್ದು ಇದೇ.

ನನ್ನ ಸೊಸೆಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಮೂರನೆಯದು ನಿಂತಾಗ ಮಗ ಬಂಡೂರಿನಿಂದ ಟಗರು ತಂದು, ಅರಿಶಿನ ಹಚ್ಚಿ, ಊರಮ್ಮನ ಹೆಸರಿಗೆ ಬಿಟ್ಟ. ಏಳು ತಿಂಗಳು ತುಂಬಿದ ಮೇಲೆ ಒಪ್ಪಿಸುವುದೆಂದು ಹರಕೆ. ಗಿಡ್ಡ ಕಾಲಿನ, ದುಂಡು ಮೈಯಿನ ಒಳ್ಳೆಯ ಟಗರು.

ನಮ್ಮ ಮನೆ ಮಳವಳ್ಳಿಯ ಅಂಚಿನಲ್ಲಿ, ಮದ್ದೂರು ರಸ್ತೆಯ ಕಡೆಗಿದೆ. ಹಿತ್ತಲ ಬೇಲಿ ದಾಟಿದರೆ ಒಣಗಿದ ಕಾಲುವೆ, ಅದರಾಚೆ ಮದುವೆ ಛತ್ರ. ಮೊದಲೆಲ್ಲ ಛತ್ರದ ಎಂಜಲು, ಕವರು, ಥರ್ಮಾಕೋಲ್ ತಟ್ಟೆ ಎಲ್ಲ ಕಸದ ಗಾಡಿಗೆ ಹೋಗುತ್ತಿತ್ತು. ಆಮೇಲೆ ಎಲ್ಲಿಗೆ ಹೋಗುತ್ತಿತ್ತೋ, ನಾನು ಕೇಳಿದವಳಲ್ಲ.

ಆ ವರ್ಷ ಪುರಸಭೆಯವರು ಆಟೋಗೆ ಮೈಕು ಕಟ್ಟಿ ಬೀದಿಬೀದಿ ಕೂಗಿಸಿದರು. ಇನ್ನು ಕವರು, ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ಇಟ್ಟವರಿಗೆ ದಂಡ ಅಂತ. ಅಂಗಡಿಗಳಿಗೆ ನುಗ್ಗಿ ಮೂಟೆ ಹೊತ್ತುಕೊಂಡೂ ಹೋದರು. ಒಳ್ಳೆಯದೇ ಆಯಿತು ಎಂದುಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ, ಛತ್ರದ ಕಾವಲಿನವನು ಹಿಂದಿನ ಗೋಡೆಯ ಮೇಲಿಂದ ಎಂಜಲು ತಟ್ಟೆಗಳನ್ನು ಕಾಲುವೆಗೆ ಸುರಿಯುತ್ತಿದ್ದ.

"ಏನ್ಲಾ ಇದು? ಇನ್ಮ್ಯಾಕೆ ಇದ್ನ ಇಟ್ಕಬ್ಯಾಡಿ ಅಂತ ಕೂಗ್ಕಂಡೋಗ್ಲಿಲ್ವಾ?"

"ಅದ್ಕೇ ಕಣಜ್ಜಿ ಇಲ್ಲಿಗಾಕ್ತಿರೋದು. ಗಾಡಿಗಾಕುದ್ರೆ ಕಾಣ್ತದೆ, ದಂಡ ಆಕ್ತರೆ. ಕಾಲ್ವೆ ಒಳಕ್ಕೆ ಯಾವ್ ಆಫೀಸರ್ ಇಳ್ದಾನು?"

"ನನ್ನಿತ್ಲು ಕಣ್ಲಾ ಇಲ್ಲಿರೋದು."

"ನಿನ್ನಿತ್ಲು ಬೇಲಿ ಆಚ್ಗೈತಲ್ಲ, ಸುಮ್ನಿರಜ್ಜಿ. ಮಳೆ ಬಂದ್ರೆ ಎಲ್ಲ ಕೊಚ್ಕಂಡೋಯ್ತದೆ."

ಮಳೆ ಬರಲಿಲ್ಲ. ಟಗರು ಬಂತು.

ಗಂಟು ಹಾಕಿದ ಕವರಿನಲ್ಲಿ ಅನ್ನ ಇದ್ದರೆ ಅದಕ್ಕೆ ಬಿಚ್ಚಲು ಬರುತ್ತದೆಯೇ? ಗಂಟಿನ ಸಮೇತ ನುಂಗುತ್ತಿತ್ತು. ಸಾರು ಹೀರಿದ ತಟ್ಟೆಯನ್ನು ಅಗಿಯುವಾಗ ಕಿರ್ರ್ ಕಿರ್ರ್ ಎಂದು ಸದ್ದಾಗುತ್ತಿತ್ತು. ಹಿತ್ತಲಲ್ಲಿ ಪಾತ್ರೆ ಉಜ್ಜುವಾಗಲೂ ಆ ಸದ್ದು ನನಗೆ ಕೇಳುತ್ತಿತ್ತು. ಒಂದು ದಿನ ಕೋಲು ಹಿಡಿದು ಇಳಿದೆ. ಪಕ್ಕದ ಮನೆಯವಳು ಬೇಲಿಯಿಂದಲೇ ಕೂಗಿಕೊಂಡಳು.

"ಅಯ್ಯೋ, ಅಮ್ಮನ್ ಟಗರು ಕಣಕ್ಕ! ಕೋಲೆತ್ತಬ್ಯಾಡ. ನಿನ್ ಸೊಸೆ ಒಟ್ಟೇಲಿ ಮಗ ಮಡಿಕ್ಕಂಡವ್ಳೆ."

ಕಟ್ಟಿಹಾಕೋಣ ಎಂದು ಮಗನಿಗೆ ಹೇಳಿದೆ. ಅವನ ಮುಖ ಕಪ್ಪಿಟ್ಟಿತು. "ಏನವ್ವ ನೀನು? ಎಲ್ಡು ಕಳ್ಕಂಡಿದ್ದು ಸಾಲ್ದಾ?"

ಕೋಲು ಮೂಲೆಗಿಟ್ಟೆ.

ಟಗರಿನ ಹೊಟ್ಟೆ ಬೆಳೆಯಿತು. ಸೊಸೆಯದೂ ಬೆಳೆಯಿತು. "ಇಬ್ಬುರ್ಗೂ ಪಂದ್ಯ ಕಣಕ್ಕ, ಯಾರ್ ಒಟ್ಟೆ ಮುಂದು ನೋಡವ" ಎಂದು ಪಕ್ಕದ ಮನೆಯವಳು ನಗುತ್ತಿದ್ದಳು. ಸೊಸೆಯೂ ನಗುತ್ತಿದ್ದಳು. ನಾನು ಟಗರಿನ ಪಕ್ಕೆ ಒತ್ತಿ ನೋಡಿದೆ. ಮಾಂಸದ ಹಾಗಿರಲಿಲ್ಲ, ತುರುಕಿದ ಮೂಟೆಯ ಹಾಗಿತ್ತು. ಮೆಲುಕು ಹಾಕುವುದೂ ನಿಂತಿತ್ತು. ದನದ ಡಾಕ್ಟರನ್ನು ಕರೆದುಕೊಂಡು ಬಾ ಎಂದರೆ ಮಗ, "ಕೊಬ್ಬು ಕಣವ್ವ" ಎಂದು ಎದ್ದು ಹೋದ.

ಸೊಸೆಗೆ ಏಳು ತುಂಬಿತು. ಹೊಲದ ಬದುವಿಗೆ ಟಗರನ್ನು ಕರೆದೊಯ್ದೆವು. ಪೂಜಾರಿ ಬೆನ್ನ ಮೇಲೆ ತೀರ್ಥ ಹಾಕುತ್ತಾನೆ, ಟಗರು ಮೈ ಒದರಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ಒದರುವ ತನಕ ಕತ್ತಿ ಎತ್ತುವುದಿಲ್ಲ.

ತೀರ್ಥ ಹಾಕಿದ. ಟಗರು ಸುಮ್ಮನೆ ನಿಂತಿತ್ತು. ಕಿವಿಗೆ ಬಿಟ್ಟ. ಅಲ್ಲಾಡಲಿಲ್ಲ.

"ಒಪ್ಪುಸ್ಕಳವ್ವ ತಾಯಿ. ಏನ್ ತಪ್ಪಾಗದೆ ಯೋಳವ್ವ" ಎಂದು ಮಗ ಅಡ್ಡಬಿದ್ದ.

ಕೊನೆಗೆ ಚೊಂಬನ್ನೇ ಬಗ್ಗಿಸಿದ. ತುಪ್ಪಟದಿಂದ ನೀರು ತೊಟ್ಟಿಕ್ಕಿತು. ಸೊಸೆ ಹೊಂಗೆ ಮರದ ಕೆಳಗೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ಟಗರು ಮುಂಗಾಲು ಮಡಿಚಿತು, ಪಕ್ಕಕ್ಕೆ ವಾಲಿತು, ಅಲ್ಲೇ ಹೋಯಿತು.

ಹೂಳುವ ಮುಂಚೆ ಹೊಟ್ಟೆ ಕೊಯ್ಯಿ ಎಂದು ಕತ್ತಿಯವನಿಗೆ ಹೇಳಿದವಳು ನಾನೇ. ಹುಲ್ಲಿನ ಒಂದು ಎಸಳಿರಲಿಲ್ಲ. ಕವರುಗಳು ಹಗ್ಗದ ಹಾಗೆ ಹೊಸೆದುಕೊಂಡಿದ್ದವು. ನಡುನಡುವೆ ಸಬ್ಬಕ್ಕಿಯ ಹಾಗೆ ಥರ್ಮಾಕೋಲ್ ಕಾಳು. ಒಂದು ಕವರಿನ ಗಂಟು ಹಾಕಿದ್ದು ಹಾಕಿದ ಹಾಗೇ ಇತ್ತು, ಒಳಗೆ ಅನ್ನ. ಸೊಸೆ ಬಗ್ಗಿ ನೋಡಿದಳು. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಮನೆಗೆ ನಡೆದಳು.

"ಇನ್ನೊಂದು ಬುಡಿ" ಎಂದ ಪೂಜಾರಿ. "ಹರ್ಕೆ ಉಳ್ಕಂತು."

ಮಗ ಇನ್ನೊಂದು ತಂದ. ನಾನು ಹಗ್ಗ ಹಾಕಿ ಗೂಟಕ್ಕೆ ಬಿಗಿದೆ.

"ಕಟ್ಬಾರ್ದು ಕಣವ್ವ!"

"ಬುಟ್ರೆ ಎಲ್ಲಿಗೋಯ್ತದೆ ಅಂತ ನಿಂಗೊತ್ತಿಲ್ವಾ?"

"ಏನಾರ ಆದ್ರೆ?"

"ನನ್ ತಲೆ ಮ್ಯಾಲೆ ಬರ್ಲಿ ಬುಡು."

ಅಂದಿನಿಂದ ಪಕ್ಕದ ಮನೆಯವಳು ನಮ್ಮ ಹೊಸಿಲು ತುಳಿಯಲಿಲ್ಲ. ನಾನು ಪುರಸಭೆಗೆ ಹೋಗಿ ಹೇಳಿ ಬಂದೆ. ಅವರು ಬಂದು, ಕಸ ಹಾಕಬಾರದು ಎಂದು ಕಾಲುವೆ ದಂಡೆಗೆ ಬೋರ್ಡು ನೆಟ್ಟರು. ಛತ್ರದವರು ಆ ಬೋರ್ಡಿನ ಬುಡಕ್ಕೇ ಸುರಿದರು. ಗಾಳಿ ಬೀಸಿದ ದಿನ ಬಿಳಿ ಕಾಳು ಹಿತ್ತಲಿಗೆ ಹಾರಿಬರುತ್ತಿತ್ತು, ಟಗರಿನ ಹುಲ್ಲಿನಿಂದ ಅದನ್ನು ಆರಿಸಿ ತೆಗೆಯುತ್ತಿದ್ದೆ.

ಒಂಬತ್ತು ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಸೊಸೆ ಬಾಗಿಲು ಹಿಡಿದು ನಿಂತಳು. "ಅತ್ತೆ, ಬೆಳಗ್ಗಿಂದ ಮಗ ಒದ್ದಿಲ್ಲ ಕಣತ್ತೆ."

ಒದರದೆ ನಿಂತ ಟಗರು ನನ್ನ ಕಣ್ಣಿಗೆ ಬಂತು. ಅವಳ ಕಣ್ಣಿಗೂ ಬಂದಿತ್ತು. ಮಗ ಆಟೋಗೆ ಓಡುವ ಮುಂಚೆ ಗೂಟದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ. ಮಂಡ್ಯದ ದೊಡ್ಡಾಸ್ಪತ್ರೆಗೆ ಅವರು ಹೋದ ಮೇಲೆ ಪಕ್ಕದ ಮನೆಯವಳು ಬೇಲಿಯಿಂದ, "ಈಗ್ಲಾದ್ರೂ ಬಿಚ್ಚಕ್ಕ, ನಿನ್ ಕಾಲಿಗ್ ಬೀಳ್ತೀನಿ" ಎಂದಳು. ನಾನು ಬಿಚ್ಚಲಿಲ್ಲ. ಗೂಟದ ಪಕ್ಕವೇ ಕುಳಿತೆ. ಟಗರು ಕಾಲುವೆಯ ಕಡೆ ಮೂತಿ ಮಾಡಿ ಜಗ್ಗುತ್ತಲೇ ಇತ್ತು.

ಸಂಜೆ ಮಗನ ಫೋನು ಬಂತು. ಕೊಯ್ದು ತೆಗೆದರಂತೆ. ಹೆಣ್ಣು. ಅಳುತ್ತಿದೆ ಎಂದ.

ಹರಕೆಯನ್ನು ಕೂಸಿಗೆ ಹೆಸರಿಡುವ ದಿನ ತೀರಿಸುವುದೆಂದು ಮಾತಾಯಿತು. ಕೂಸನ್ನು ಎತ್ತಿಕೊಂಡು ಬಂದ ದಿನ, ಸೊಸೆ ಮನೆಯೊಳಗೂ ಕಾಲಿಡದೆ ನೇರ ಹಿತ್ತಲಿಗೆ ಹೋದಳು. ಸತ್ತ ಟಗರಿನ ಆ ಹೊಟ್ಟೆಯನ್ನು ಬಗ್ಗಿ ನೋಡಿದ್ದವಳು ಅವಳೇ.

"ಅಮ್ಮ ಮಗೀನ ಉಳುಸ್ಕೊಟ್ಟವ್ಳೆ ಅತ್ತೆ. ಇನ್ನೂ ಕಟ್ಟಾಕುದ್ರೆ ಮುನ್ಸ್ಕತಾಳೆ."

ಒಂದು ತೋಳಿನಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಹಗ್ಗದ ಗಂಟು. ನಾನು ಅವಳ ಕೈ ಹಿಡಿಯಬಹುದಿತ್ತು. ಕೂಸಿದ್ದ ತೋಳು ಜಗ್ಗೀತೆಂದು ಹಿಡಿಯಲಿಲ್ಲ, ಅವಳು ಗಂಟು ಬಿಚ್ಚಿದಳು.

ಟಗರು ಬೇಲಿ ನುಸುಳಿ ಕಾಲುವೆಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಆ ಸದ್ದು ಶುರುವಾಯಿತು, ಕಿರ್ರ್ ಕಿರ್ರ್. ಸೊಸೆ ಕೂಸಿನ ಕಿವಿಯ ಮೇಲೆ ಸೆರಗು ಎಳೆದು ಒಳಗೆ ಹೋದಳು.